ಮಗಳಿಗೊಂದು ಪತ್ರ: ಗೈರು ಹಾಕುವ ಮುಂಚೆ

ಕಲಬುರಗಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ್ದಕ್ಕೆ ‘ನೋಡೋಣವಾ’ ಅಂದು ಇಟ್ಟುಬಿಟ್ಟೆ. ಪಕ್ಕದಲ್ಲಿ ನಿಮ್ಮವ್ವ ‘ಊಟ ಮಾಡ್ಯಾಳೇನು ಕೇಳ್ರಿ’ ಅಂತ ಮೊಣಕೈಯಿಂದ ತಿವಿಯುತ್ತಿದ್ದಳು. ಅಂಥ ಹೊತ್ತಿನಲ್ಲಿ ಇಂಥ ಮಾತು ಆಡಲಿಕ್ಕೆ ಆಗುವುದಿಲ್ಲ. ಅದಕ್ಕೇ ಈ ಕಾಗದ.

ನೀನು ಎಚ್‌ಆರ್ ವಿಭಾಗದಲ್ಲಿ ಅಪ್ರೆಂಟಿಸ್ ಆಗಿರುವ ಬೀದರಿನ ಬಿಸ್ಕಿಟ್ ಫ್ಯಾಕ್ಟರಿಯಲ್ಲಿ, ಬೆರಳು ಕೊಯ್ದುಕೊಂಡು ಬಂದ ಹೆಣ್ಣುಮಗಳನ್ನು ಗೇಟಿನಿಂದಲೇ ತಿರುಗಿ ಕಳಿಸಿದರು, ಆಕೆಯ ಅವತ್ತಿನ ಪಗಾರ ಹೋಯಿತು, ಹಾಜರಿಯಲ್ಲಿ ಗೈರು ಹಾಕಿದ್ದು ನೀನು. ‘ನಿಯಮ ಅದ ಅಂದ್ರು ಅಪ್ಪಾ, ಖರೇನಾ?’ ಅಂದಿ. ಖರೆ, ಆದರೆ ಅರ್ಧ. ನಾನು ಕೆಲಸ ಮಾಡುತ್ತಿದ್ದ ದಾಲ್ ಮಿಲ್ಲಿಗೂ ಅದೇ ಆಹಾರ ಸುರಕ್ಷತಾ ಲೈಸೆನ್ಸು ಬೇಕು. ಆ ಫೈಲು ನನ್ನ ಕಪಾಟಿನಲ್ಲೇ ಇರುತ್ತಿತ್ತು, ಹಾಗಾಗಿ ಹೇಳುತ್ತೇನೆ. 2011ರ ಲೈಸೆನ್ಸ್ ನಿಯಮಗಳ ನಾಲ್ಕನೇ ಅನುಸೂಚಿ ತೆಗೆದು ಓದು. ಗಾಯವಿದ್ದರೆ ಮುಚ್ಚಿರಬೇಕು, ಗಾಯವಾದವರು ಆಹಾರವನ್ನು ನೇರವಾಗಿ ಮುಟ್ಟಬಾರದು ಅಂತಿದೆ. ಪಗಾರ ಮುರಿದು ಮನೆಗೆ ಅಟ್ಟಿರಿ ಅಂತ ಇಲ್ಲ. ಆಹಾರ ಮುಟ್ಟದ ಕೆಲಸ ನಿಮ್ಮ ಬಿಸ್ಕಿಟ್ ಫ್ಯಾಕ್ಟರಿಯಲ್ಲಿ ಇಲ್ಲವೇ? ಖಾಲಿ ರಟ್ಟಿನ ಪೆಟ್ಟಿಗೆ ಎಣಿಸುವುದಿದೆ, ಲೇಬಲ್ ಹೊಂದಿಸುವುದಿದೆ, ಹೊಸಬರಿಗೆ ಕೈ ತೊಳೆಯುವ ಕ್ರಮ ತೋರಿಸುವುದಿದೆ.

ಗಾಯವಾದರೂ ಕಣ್ಣಿಗೆ ಕಾಣುತ್ತದೆ. ನನಗೆ ಹೆದರಿಕೆ ಇರುವುದು ಕಾಣದ್ದರ ಬಗ್ಗೆ. ವಾಂತಿ, ಭೇದಿ, ಕಾಮಾಲೆ, ಜ್ವರ ಇದ್ದವರು ತಾವಾಗಿ ಹೇಳಬೇಕು, ಹೇಳಿದ ಮೇಲೆ ಅವರನ್ನು ಆಹಾರದ ಹತ್ತಿರ ಬಿಡಬಾರದು. ಆದರೆ ಯಾಕೆ ಹೇಳುತ್ತಾರೆ? ಹೇಳಿದವಳಿಗೆ ಒಂದು ದಿನದ ಪಗಾರ ಖೋತಾ, ಬಾಯಿ ಮುಚ್ಚಿಕೊಂಡು ಒಳಗೆ ಹೋದವಳಿಗೆ ಪೂರಾ ಪಗಾರ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದೆಯಲ್ಲ ಅಂತ ನಿಮ್ಮ ಸಾಹೇಬರು ಅನ್ನಬಹುದು. ಪಗಾರ 21,000 ರೂಪಾಯಿಯೊಳಗೆ ಇದ್ದವರಿಗೆ ಇದೆ, ಛಲೋ ಯೋಜನೆ. ನಮ್ಮ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಎಷ್ಟು ಜನರ ಜೀವ ಉಳಿಸಿದೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಕಾಯಿಲೆ ಬಿದ್ದರೆ ಡಾಕ್ಟರರ ಸರ್ಟಿಫಿಕೇಟಿನ ಮೇಲೆ ಪಗಾರದ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಏನೂ ಇಲ್ಲ. ಹೊಟ್ಟೆ ಕೆಟ್ಟರೆ ಎಷ್ಟು ದಿನ ಇರುತ್ತದೆ? ಒಂದೋ ಎರಡೋ ದಿನ! ತಿನ್ನುವ ಪದಾರ್ಥ ಕೆಡಿಸುವ ಕಾಯಿಲೆಯೇ ಇಎಸ್‌ಐ ಕೈಗೆ ಸಿಗದ ಹಾಗೆ ಬಂದು ಹೋಗುತ್ತದೆ. ಆ ಎರಡು ದಿನದ ಪಗಾರ ಯಾರು ಕೊಡಬೇಕು ಅನ್ನುವುದು ಲ್ಯಾಬಿನವರ ತಲೆನೋವು ಅಲ್ಲ, ನಿಮ್ಮ ಎಚ್‌ಆರ್ ವಿಭಾಗದ್ದು. ನೀವು ರಜೆಯ ನಿಯಮ ಹೇಗೆ ಬರೆಯುತ್ತೀರೋ ಅದರ ಮೇಲೆ ಬಿಸ್ಕಿಟ್ ಶುದ್ಧ ಇರುತ್ತದೋ ಇಲ್ಲವೋ ನಿಂತಿದೆ ಅಂತ ತಿಳಿ.

ಕಪನೂರಿನ ನಮ್ಮ ಮಿಲ್ಲಿನ ಅಂಗಳದಲ್ಲಿ ಎಣ್ಣೆ ಹಚ್ಚಿದ ತೊಗರಿ ಒಣಹಾಕಲು ಬರುತ್ತಿದ್ದ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು ಗೊತ್ತೇನು? ಹಳೆ ಸೀರೆಯ ಚೂರು ಬೆರಳಿಗೆ ಸುತ್ತಿ, ಮುಷ್ಟಿ ಬಿಗಿಹಿಡಿದು, ಇನ್ನೊಂದು ಕೈ ಮುಂದೆ ಮಾಡಿ ಹಾಜರಿ ಹೇಳುತ್ತಿದ್ದರು. ಮುಷ್ಟಿ ಯಾಕೆ ಬಿಚ್ಚುತ್ತಿಲ್ಲ ಅಂತ ಕೇಳಿದರೆ ‘ಎಲೆ-ಅಡಿಕಿ ಅದರೀ’ ಅಂತ ನಗುವುದು ಬೇರೆ. ಗಾಯ ಮುಚ್ಚಿಡುವ ಅಂಥವರನ್ನು ನಾನು ಬಾರದಾನ, ಅಂದರೆ ಖಾಲಿ ಚೀಲ, ಎಣಿಸಲು ಕೂರಿಸುತ್ತಿದ್ದೆ. ಮಾಲಕರು ‘ಕುಂತು ಪಗಾರ ತಿಂತಾರ’ ಅಂತ ಗೊಣಗಿದರು. ಮೂರು ತಿಂಗಳ ಹಾಜರಿ ಪುಸ್ತಕ ಮುಂದಿಟ್ಟೆ. ದಿನಕ್ಕೆ ಒಬ್ಬರೋ ಇಬ್ಬರೋ, ಎಷ್ಟೋ ದಿನ ಒಬ್ಬರೂ ಇಲ್ಲ. ಆಮೇಲೆ ಅವರು ಆ ಮಾತು ಎತ್ತಲಿಲ್ಲ. ನಿಮ್ಮಲ್ಲಿ ಮುಷ್ಟಿಯ ಬದಲು ಕೈಗವಸು ಇದೆ, ಒಳಗೆ ಏನಿದೆ ಅಂತ ಕಾಣುವುದಿಲ್ಲ. ಗಾಯಕ್ಕೆ ಸುತ್ತಲು ನೀಲಿ ಪಟ್ಟಿ ಕೊಡುತ್ತಾರೆ ಅಂದಿಯಲ್ಲ, ಅದು ಒಳ್ಳೆಯ ರೂಢಿ. ನೀಲಿ ಬಣ್ಣದ ತಿಂಡಿ ಅಪರೂಪ, ಬಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಆದರೆ ಗಾಯವನ್ನೇ ಮುಚ್ಚಿಟ್ಟವಳು ಪಟ್ಟಿ ಕೇಳಲು ಬರುತ್ತಾಳೇನು?

ಹೋಗಿ ಜಗಳ ತೆಗೆಯಬೇಡ. ನೀನಿನ್ನೂ ಕಲಿಯುವವಳು. ಇಷ್ಟು ಮಾಡು: ಹೋದ ಮೂರು ತಿಂಗಳಲ್ಲಿ ಹೀಗೆ ಎಷ್ಟು ಜನರನ್ನು ಹಿಂದೆ ಕಳಿಸಿದ್ದಾರೆ, ಎಷ್ಟು ದಿನದ ಪಗಾರ ಹೋಗಿದೆ ಅಂತ ಹಾಜರಿಯಿಂದ ತೆಗೆ. ಅದನ್ನು ಒಂದೇ ಹಾಳೆಯಲ್ಲಿ ಬರೆದು, ಬದಲಿ ಕೆಲಸ ಏನೇನಿದೆ ಅಂತ ಕೆಳಗೆ ಸೇರಿಸಿ ನಿಮ್ಮ ಮೇಲಿನವರ ಮುಂದಿಡು. ಕರುಣೆಯ ಮಾತು ಬೇಡ, ಲೆಕ್ಕ ಸಾಕು. ಕಂಪನಿಯವರಿಗೆ ಲೆಕ್ಕದ ಭಾಷೆ ಬೇಗ ತಿಳಿಯುತ್ತದೆ. ಹಾಗೆಯೇ, 25 ಜನ ಆಹಾರ ಮುಟ್ಟುವವರಿಗೆ ಒಬ್ಬರಂತೆ ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದವರು ಹೇಳುತ್ತಾರಲ್ಲ, ಆ ತರಬೇತಿಗೆ ನಿನ್ನ ಹೆಸರೂ ಕೊಡು. ಎಚ್‌ಆರ್‌ನವಳಿಗೆ ಯಾಕೆ ಅಂದರೆ, ವರ್ಷಕ್ಕೊಮ್ಮೆ ಎಲ್ಲರ ವೈದ್ಯಕೀಯ ತಪಾಸಣೆ ಮಾಡಿಸಿ ಕಾಗದ ಇಟ್ಟುಕೊಳ್ಳುವವರು ನೀವೇ ಅಲ್ಲವೇ ಅನ್ನು.

ಇನ್ನೊಂದು ಮಾತು, ಹೆಸರಿನದು. ಹೊಸಬರು ಸೇರುವ ದಿನವೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಮೂರೂ ಪಕ್ಕಪಕ್ಕ ಇಟ್ಟು ನೋಡು. ನಮ್ಮ ಕಡೆ ಒಂದರಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇದ್ದರೆ ಇನ್ನೊಂದರಲ್ಲಿ ‘ಬಾಯಿ’. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಗಂಡನದು. ಹುಟ್ಟಿದ ತಾರೀಖಂತೂ ಕೇಳಬೇಡ. ಹೆಡ್‌ಮಾಸ್ತರರ ಕೃಪೆಯಿಂದ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಸೇರುವಾಗ ಇದು ಯಾರಿಗೂ ಬೇಕಾಗುವುದಿಲ್ಲ. ಮಗಳ ಮದುವೆಗೆ ಪಿಎಫ್ ತೆಗೆಯಲು ಹೋದಾಗ ಅರ್ಜಿ ತಿರುಗಿ ಬರುತ್ತದೆ, ಅಷ್ಟೊತ್ತಿಗೆ ಗುತ್ತೇದಾರನೂ ಬದಲಾಗಿರುತ್ತಾನೆ. ತಿದ್ದುಪಡಿಗೆ ಅಂತ ಆಫೀಸಿನಿಂದ ಆಫೀಸಿಗೆ ಅಲೆದು, ಬಸ್ ಚಾರ್ಜಿಗೇ ರೊಕ್ಕ ಸುರಿದವರನ್ನು ನಾನು ಬಲ್ಲೆ.

ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ‘ನಮ್ಮ ಭಾಗಕ್ಕ 371(ಜೆ) ಮೀಸಲಾತಿ ಅದ, ಸರ್ಕಾರಿ ನೌಕರಿಗೆ ಓದೋದು ಬಿಟ್ಟು ಬೀದರಕ್ಕ ಬಿಸ್ಕಿಟ್ ಮಾಡ್ಲಿಕ್ಕೆ ಯಾಕ ಕಳಿಸಿರಿ?’ ಪರೀಕ್ಷೆ ಕರೆದಾಗ ಬರೀತಾಳ ಅಂತ ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ. ನೀನು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಆದರೆ ನಿನ್ನ ಕಾಗದಪತ್ರ ನೀನು ಸರಿ ಇಟ್ಟುಕೋ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೀನು ತರಬೇತಿಯವಳು, ಕಾರ್ಮಿಕಳಲ್ಲ. ಹಾಗಾಗಿ ಸ್ಟೈಪೆಂಡಿನಲ್ಲಿ ಪಿಎಫ್, ಇಎಸ್‌ಐ ಮುರಿಯುವಂತಿಲ್ಲ, ಮುರಿದಿದ್ದರೆ ಕೇಳು. ಪದವಿ ಮುಗಿಸಿದವರಿಗೆ ತಿಂಗಳಿಗೆ 9,000ಕ್ಕೆ ಕಡಿಮೆ ಕೊಡುವಂತಿಲ್ಲ ಅಂತ 2019ರಲ್ಲೇ ನಿಯಮ ಮಾಡಿದ್ದಾರೆ. ವರ್ಷ ಮುಗಿದ ಮೇಲೆ ನೌಕರಿ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ, ಅದನ್ನು ಮೊದಲೇ ಮನಸ್ಸಿಗೆ ತಂದುಕೊಂಡಿರು. ಒಳಗೆ ಯಂತ್ರದ ಹತ್ತಿರ ಓಡಾಡುವಾಗ ಮಾತ್ರ ಕೆಲಸಗಾರರಿಗೆ ಇರುವ ಸುರಕ್ಷತೆಯೇ ನಿನಗೂ ಇದೆ. ಆಫೀಸಿನವಳು ಅಂತ ಟೋಪಿ, ಬೂಟು ಬಿಟ್ಟು ಹೋಗಬೇಡ. ಬಳೆ ತೆಗೆದಿಟ್ಟಿದ್ದಕ್ಕೆ ನಿಮ್ಮವ್ವ ಬೇಜಾರು ಮಾಡಿಕೊಂಡಿದ್ದಾಳೆ, ನಾನು ಸಮಾಧಾನ ಹೇಳಿದ್ದೇನೆ.

ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಟ್ಟಿದ್ದಾಳೆ, ಬೀದರ ರೈಲಿಗೆ ಹೋಗುವವರು ಸಿಕ್ಕರೆ ಕೊಟ್ಟು ಕಳಿಸುತ್ತೇನೆ. ನಿನ್ನ ಅಪ್ರೆಂಟಿಸ್ ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯೋ ಇಲ್ಲವೋ ನೋಡಿ, ಅದರ ಒಂದು ಝೆರಾಕ್ಸ್ ನನಗೂ ಕಳಿಸು.

ಇಂತಿ,
ನಿನ್ನ ಅಪ್ಪ