ಜಾಕೆಟ್ ಆಮೇಲೆ, ಮೊದಲು ತರಬೇತಿ ಆಗಲಿ

ಸಂಪಾದಕರಿಗೆ,

ಬಳ್ಳಾರಿಯ ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ, ತೇರು ಬೀದಿಗಳಲ್ಲಿ ಅಡ್ಡಾದಿಡ್ಡಿ ನಿಲ್ಲುವ ಗಾಡಿಗಳನ್ನು ಸಂಚಾರ ಪೊಲೀಸರಷ್ಟೇ ನಿಭಾಯಿಸಲಾರರು. ಸ್ವಯಂಸೇವಕರು ಕೈಜೋಡಿಸುವುದಾದರೆ ಒಳ್ಳೆಯದೇ. ಆದರೆ ಜಾಕೆಟ್ ತೊಡಿಸಿ, ಸೀಟಿ ಕೊಟ್ಟು, ಅರ್ಧ ಗಂಟೆ ಭಾಷಣ ಕೇಳಿಸಿ ಬೀದಿಗೆ ಬಿಟ್ಟರೆ ಎರಡನೇ ದಿನಕ್ಕೆ ಜಗಳ, ಮೂರನೇ ದಿನಕ್ಕೆ ಅವರ ಮೇಲೇ ದೂರು.

ಮೊದಲ ಪಾಠ, ಏನು ಮಾಡಬಾರದು ಎಂಬುದು. ಮೋಟಾರು ವಾಹನ ಕಾಯ್ದೆ 1988ರ 130ನೇ ಕಲಂ ಪ್ರಕಾರ ಲೈಸೆನ್ಸ್ ಕೇಳುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸರದು. ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಪ್ರಕರಣ ಮುಗಿಸುವುದು 200ನೇ ಕಲಂ ಅಡಿ ಸರ್ಕಾರ ಅಧಿಕಾರ ಕೊಟ್ಟವರ ಕೆಲಸ. ಸ್ವಯಂಸೇವಕರಿಗೆ ಇವೆರಡೂ ಇಲ್ಲ. ಕೀಲಿ ಕಿತ್ತುಕೊಳ್ಳುವುದು, ಟೈರಿನ ಗಾಳಿ ಬಿಡುವುದು, ಬೈಕ್ ಎಳೆದು ಪಕ್ಕಕ್ಕೆ ಹಾಕುವುದು ಇವು ಯಾವುವೂ ಸಲ್ಲ. ಎಳೆಯುವಾಗ ಬೈಕ್ ಬಿದ್ದು ಕನ್ನಡಿ ಒಡೆದರೆ ಅದರ ಖರ್ಚು ಯಾರ ಕೊರಳಿಗೆ? ದಂಡ ಎಷ್ಟಾಗುತ್ತದೆ ಎಂದು ಬಾಯಲ್ಲಿ ಹೇಳುವುದೂ ಬೇಡ. ಮೊತ್ತ ಬಾಯಿಗೆ ಬಂತೆಂದರೆ ಚೌಕಾಸಿ ಶುರುವಾಯಿತೆಂದೇ ಲೆಕ್ಕ.

ಎರಡನೆಯದು ಫಲಕಗಳ ಪಾಠ. ನೀಲಿ ವೃತ್ತ, ಕೆಂಪು ಅಂಚು, ಅಡ್ಡಲಾಗಿ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಆದರೆ ಜನರನ್ನು ಇಳಿಸಿ ಹೊರಡಬಹುದು. ಎರಡು ಗೆರೆ ಕತ್ತರಿಯಂತೆ ಇದ್ದರೆ ನಿಲ್ಲಿಸುವಂತೆಯೇ ಇಲ್ಲ. ಇದು ಗೊತ್ತಿಲ್ಲದೆ ಅಜ್ಜಿಯನ್ನು ಇಳಿಸುತ್ತಿರುವ ಆಟೊದವನ ಮೇಲೆ ಕೂಗಾಡುವುದು ಸಾಮಾನ್ಯ ತಪ್ಪು. ಸಮ-ಬೆಸ ದಿನಾಂಕದ ಫಲಕ ಇರುವಲ್ಲಿ ಬೆಳಿಗ್ಗೆ ಕೆಲಸಕ್ಕೆ ಇಳಿಯುವಾಗಲೇ ಅಂದಿನ ಬದಿ ಯಾವುದು ಎಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಇನ್ನು ಅಂಗಡಿಯವರು ತಾವೇ ಬರೆಸಿ ತೂಗುಹಾಕಿದ ‘ನೋ ಪಾರ್ಕಿಂಗ್’ ತಗಡಿಗೆ ಕಾನೂನಿನ ಬಲವಿಲ್ಲ. ಅದನ್ನು ಜಾರಿ ಮಾಡಲು ಹೊರಟ ಸ್ವಯಂಸೇವಕ ಅಂಗಡಿಯ ಕಾವಲುಗಾರನಾಗುತ್ತಾನೆ. ಮನೆಯ ಗೇಟಿಗೆ ಅಡ್ಡ ನಿಲ್ಲಿಸಿದ್ದರೆ ಮಾತ್ರ ಫಲಕ ಇರಲಿ ಇಲ್ಲದಿರಲಿ ತಪ್ಪೇ.

2017ರ ಚಾಲನಾ ನಿಯಮಗಳ ಪ್ರಕಾರ ಕೂಡುರಸ್ತೆಯ ಅಂಚಿನಿಂದ 50 ಮೀಟರ್‌ವರೆಗೆ ಪಾರ್ಕಿಂಗ್ ಇಲ್ಲ. ಹೆಜ್ಜೆಹೆಜ್ಜೆಗೆ ಅಡ್ಡ ಓಣಿ ಬರುವ ನಮ್ಮ ಹಳೆಯ ಪೇಟೆಯಲ್ಲಿ ಇದನ್ನು ಅಕ್ಷರಶಃ ಹಿಡಿದರೆ ಒಂದು ಸೈಕಲ್‌ಗೂ ಜಾಗ ಉಳಿಯುವುದಿಲ್ಲ. ಆದ್ದರಿಂದ ಯಾವ ಕೂಡುರಸ್ತೆ, ಎಲ್ಲಿಂದ ಎಲ್ಲಿಯವರೆಗೆ ಎಂಬ ನಕ್ಷೆಯನ್ನು ಠಾಣೆಯೇ ಕೊಡಬೇಕು. ಅಳತೆಗೆ ಟೇಪ್ ಬೇಕಿಲ್ಲ. ತರಬೇತಿ ದಿನ 20 ಮೀಟರ್ ನಡೆಸಿ ತಮ್ಮ ಹೆಜ್ಜೆ ಎಣಿಸಿಕೊಳ್ಳಲು ಹೇಳಿದರೆ ಸಾಕು. 6 ಮೀಟರ್ ಓಣಿಯಲ್ಲಿ ಎರಡೂ ಬದಿ 1.7 ಮೀಟರ್ ಅಗಲದ ಕಾರು ನಿಂತರೆ ನಡುವೆ ಉಳಿಯುವುದು 2.6 ಮೀಟರ್. ಲಾರಿ-ಬಸ್ಸುಗಳಿಗೆ ಕಾನೂನು ಒಪ್ಪುವ ಗರಿಷ್ಠ ಅಗಲವೂ ಅಷ್ಟೇ. ಬೆಂಕಿ ಬಿದ್ದ ದಿನ ಅಗ್ನಿಶಾಮಕ ವಾಹನ ಒಳಗೆ ಬರುವುದು ಹೇಗೆ ಎಂಬುದನ್ನು ನೆಲದ ಮೇಲೆ ಸುಣ್ಣದ ಗೆರೆ ಹಾಕಿಯೇ ತೋರಿಸಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ಫೋಟೊ ಅಭ್ಯಾಸಕ್ಕೆ. ಸ್ವಯಂಸೇವಕರ ಕೈಲಾಗುವ ನಿಜವಾದ ಕೆಲಸವೆಂದರೆ ಠಾಣೆಗೆ ಸರಿಯಾದ ಮಾಹಿತಿ ಮುಟ್ಟಿಸುವುದು. ಮೂರು ಫೋಟೊ ಬೇಕು: ಹತ್ತು ಹೆಜ್ಜೆ ಹಿಂದೆ ನಿಂತು ಗಾಡಿ ಮತ್ತು ಫಲಕ ಒಂದೇ ಚೌಕಟ್ಟಿನಲ್ಲಿ ಬರುವಂತೆ ಒಂದು, ನಂಬರ್ ಪ್ಲೇಟಿನದು ಒಂದು, ಚಕ್ರ ಎಲ್ಲಿ ನಿಂತಿದೆ ಎಂದು ತೋರಿಸುವುದು ಒಂದು. ಬರೀ ಪ್ಲೇಟಿನ ಫೋಟೊದಿಂದ ಏನೂ ಸಾಬೀತಾಗದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿಯೇ ಕಳಿಸಿದರೆ ಅದರೊಳಗಿನ ಸ್ಥಳ, ಸಮಯದ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಸಮಯ-ಸ್ಥಳ ಫೋಟೊದ ಮೇಲೇ ಅಚ್ಚಾಗುವ ಕ್ಯಾಮೆರಾ ಬಳಸಬೇಕು. ಅದನ್ನು ಗುಂಪುಗಳಿಗೆ ಹಂಚುವಂತಿಲ್ಲ. ನಂಬರ್ ಬರೆಯುವಾಗ 8 ಮತ್ತು ‘ಬಿ’, 1 ಮತ್ತು 7 ಅದಲುಬದಲಾಗುತ್ತವೆ. ಕೆಎ-34ರ ಪಕ್ಕದಲ್ಲೇ ಆಂಧ್ರದ ಎಪಿ-39 ಗಾಡಿಗಳೂ ನಿಲ್ಲುವ ಊರಿದು. ಒಂದು ಅಂಕಿ ತಪ್ಪಿದರೆ ನೋಟಿಸ್ ಹೋಗುವುದು ಬಳ್ಳಾರಿಯ ಮುಖವನ್ನೇ ಕಾಣದವರ ಮನೆಗೆ. ಒಬ್ಬರು ಓದಿ ಇನ್ನೊಬ್ಬರು ಬರೆದು, ಮತ್ತೆ ಓದಿ ಹೇಳುವ ಪದ್ಧತಿ ಇರಬೇಕು. ಅದಕ್ಕೇ ಜೋಡಿಯಾಗಿ ಕಳಿಸಬೇಕು.

ಮಾತಿನ ಅಭ್ಯಾಸವೂ ತರಬೇತಿಯೇ. “ಅಣ್ಣಾ, ಆ ಕಡಿ ಜಾಗ ಐತ್ರಿ, ಅಲ್ಲಿ ಹಚ್ರಿ” ಎಂದು ಜಾಗ ತೋರಿಸಿದರೆ ಹೆಚ್ಚಿನವರು ತೆಗೆಯುತ್ತಾರೆ. “ಏಯ್, ತೆಗಿ” ಅಂದರೆ ತೆಗೆಯುವವರೂ ತೆಗೆಯುವುದಿಲ್ಲ. ಇಷ್ಟನ್ನೇ ತೆಲುಗಿನಲ್ಲೂ ಉರ್ದುವಿನಲ್ಲೂ ಹೇಳಲು ಬರಬೇಕು. ಎರಡು ಸಲ ಹೇಳುವುದು, ಮೂರನೆಯದಕ್ಕೆ ಮಾತು ನಿಲ್ಲಿಸಿ ಫೋಟೊ ತೆಗೆದು ದೂರ ಸರಿಯುವುದು. ಯಾರಾದರೂ ಹೊಡೆಯಲು ಕೈ ಎತ್ತಿದರೆ 112ಕ್ಕೆ ಕರೆ.

ಇದಕ್ಕೆಲ್ಲ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಬೇಕು. ಆಮೇಲೆ ಎರಡು ವಾರ ಪೇದೆಯೊಬ್ಬರ ಜೊತೆಯಲ್ಲೇ ಕೆಲಸ. 18 ವರ್ಷ ತುಂಬದವರು ಬೇಡ. ಜಾಕೆಟ್ ಖಾಕಿ ಬಣ್ಣದ್ದಾಗಿರಬಾರದು, ಫೋಟೊ ಇರುವ ಗುರುತಿನ ಚೀಟಿ ಕಾಣುವಂತೆ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಯಾರನ್ನೂ ಬಿಸಿಲಿಗೆ ನಿಲ್ಲಿಸಬಾರದು. ಬಳ್ಳಾರಿಯ ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಹೇಳಬೇಕಿಲ್ಲ.

ಠಾಣೆಯವರು ವಾರಕ್ಕೊಮ್ಮೆ ಅರ್ಧ ಗಂಟೆ ಕೂತು, ಉಪಯೋಗಕ್ಕೆ ಬಾರದ ಫೋಟೊಗಳನ್ನು ತೆಗೆದವರ ಮುಂದೆಯೇ ಇಟ್ಟು ಯಾಕೆ ಬಾರದು ಎಂದು ಹೇಳಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋದರೆ ಅದೇ ತಪ್ಪಿನ ಫೋಟೊಗಳೇ ತಿಂಗಳುಗಟ್ಟಲೆ ಬರುತ್ತಿರುತ್ತವೆ.

– ಸಂಚಾರ ನಿಯಮ ತರಬೇತುದಾರರು, ಬಳ್ಳಾರಿ