ಹೊಲಿಗೆ ಅಂತ ದುಡ್ಡು ತಗೊಂಡು ಅಂಟು ಹಾಕಿ ಕಳಿಸಿದ್ದೀರಿ

ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ನಿಮ್ಮ ಆ್ಯಪ್‌ನಲ್ಲಿ ಬುಕ್ ಮಾಡಿ ನನ್ನ ಕಂದು ಚರ್ಮದ ಬೂಟುಗಳನ್ನು ಸೋಲ್ ಬದಲಾಯಿಸಲು ಕೊಟ್ಟಿದ್ದೆ. ‘ವೆಲ್ಟ್ ರೀಸೋಲ್, ಹೊಲಿಗೆ ಸಹಿತ, 3,200 ರೂಪಾಯಿ’ ಅಂತ ಬಿಲ್‌ನಲ್ಲಿ ನೀವೇ ಬರೆದಿದ್ದೀರಿ. ವಾಪಸ್ ಬಂದ ಬೂಟಿನಲ್ಲಿ ಹೊಸ ಹೊಲಿಗೆ ಒಂದೂ ಇಲ್ಲ. ಬರೀ ಅಂಟು. ಅದರ ಮೇಲೆ ನಾನು ಕೇಳದ ಬಣ್ಣ ಬೇರೆ.

ಚಾಟ್‌ನಲ್ಲಿ ಹೇಳಿದ್ದಕ್ಕೆ ‘ಹಳೇ ಬೂಟು ಸರ್, ಸವೆತ ಸಹಜ’ ಅಂತ ಉತ್ತರ ಬಂತು, ಜೊತೆಗೆ ಮುಂದಿನ ಆರ್ಡರ್‌ಗೆ 200 ರೂಪಾಯಿ ಕೂಪನ್. ಅಲ್ಲ ಸ್ವಾಮಿ, ಸವೆದಿದೆ ಅಂತ ತಾನೇ ನಿಮಗೆ ಕೊಟ್ಟಿದ್ದು?

ನನ್ನ ಬೂಟು ಗುಡ್‌ಇಯರ್ ವೆಲ್ಟ್ ಅಂದಾಗ ನಿಮ್ಮ ಏಜೆಂಟ್ ‘ಟೈರ್ ಸೋಲಾ ಸರ್?’ ಅಂತ ಕೇಳಿದರು. ಅಲ್ಲ. ರಬ್ಬರನ್ನು ಕಾಯಿಸಿ ಗಟ್ಟಿ ಮಾಡುವ (ವಲ್ಕನೈಸ್) ವಿಧಾನ ಕಂಡುಹಿಡಿದ ಚಾರ್ಲ್ಸ್ ಗುಡ್‌ಇಯರ್ ಅವರ ಮಗನ ಹೆಸರು ಅಂಟಿಕೊಂಡಿರುವ, 19ನೇ ಶತಮಾನದ ಹೊಲಿಗೆ ಪದ್ಧತಿ ಅದು. ಮೇಲಿನ ಚರ್ಮದ ಅಂಚಿಗೆ ಸುತ್ತಲೂ ಒಂದು ಪಟ್ಟಿ ಇರುತ್ತದೆ, ಅದೇ ವೆಲ್ಟ್. ಒಳಗಿನ ಹೊಲಿಗೆ ಆ ಪಟ್ಟಿಯನ್ನೂ ಮೇಲಿನ ಚರ್ಮವನ್ನೂ ಇನ್‌ಸೋಲ್‌ಗೆ, ಅಂದರೆ ಒಳಗಿನ ಅಟ್ಟೆಗೆ, ಹಿಡಿದಿಡುತ್ತದೆ, ಹೊರಗಿನ ಹೊಲಿಗೆ ಪಟ್ಟಿಗೆ ಸೋಲನ್ನು ಹಿಡಿದಿಡುತ್ತದೆ. ಸೋಲ್ ಸವೆದರೆ ಹೊರಗಿನದನ್ನು ಮಾತ್ರ ಬಿಚ್ಚಿ, ಹೊಸ ಸೋಲ್ ಇಟ್ಟು ಮತ್ತೆ ಹೊಲಿದರೆ ಆಯಿತು, ಮೇಲಿನ ಚರ್ಮ ಮುಟ್ಟಬೇಕಾಗಿಯೇ ಇಲ್ಲ. ಇಂಥ ಬೂಟಿಗೆ ಜಾಸ್ತಿ ದುಡ್ಡು ಕೊಡುವುದೇ ಅದಕ್ಕೆ.

ನಿಮ್ಮವರು ಹಳೇ ದಾರವನ್ನು ವೆಲ್ಟ್‌ನ ಮಟ್ಟಕ್ಕೆ ಕತ್ತರಿಸಿ, ತುಂಡುಗಳನ್ನು ತೂತುಗಳಲ್ಲೇ ಬಿಟ್ಟು, ಕೆಳಗೆ ಹೊಸ ಸೋಲ್ ಅಂಟಿಸಿದ್ದಾರೆ. ಮೇಲಿಂದ ನೋಡಿದವರಿಗೆ ಹೊಲಿಗೆ ಇದ್ದ ಹಾಗೇ ಕಾಣುತ್ತದೆ! ಬಲಗಾಲಿನ ಬೂಟಿನ ತುದಿಯಲ್ಲಿ ಉಗುರಿನಿಂದ ಮೀಟಿದೆ, ಅಕ್ಕಿಕಾಳಿನಷ್ಟು ಉದ್ದದ ದಾರ ಹಾಗೇ ಕೈಗೆ ಬಂತು. ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಗುರುತೇ ಇಲ್ಲ. ಬೆರಳು ಮಡಚುವ ಜಾಗದಲ್ಲಿ ಆಗಲೇ ಬಾಯಿ ಬಿಟ್ಟಿದೆ, ಎಟಿಎಂ ಕಾರ್ಡ್ ಸಲೀಸಾಗಿ ಒಳಗೆ ಹೋಗುತ್ತದೆ.

ಬಣ್ಣದ್ದು ಇನ್ನೊಂದು ಕಥೆ. ಇದು ಪುಲ್‌ಅಪ್ ಚರ್ಮ, ಎಣ್ಣೆ ಮತ್ತು ಮೇಣ ಕುಡಿಸಿ ಹದ ಮಾಡಿದ್ದು. ಮಡಚಿದ ಕಡೆ ಎಣ್ಣೆ ಆಚೀಚೆ ಸರಿದು ಬಣ್ಣ ತಿಳಿಯಾಗುತ್ತದೆ, ಸಣ್ಣ ಗೀರು ಬಿದ್ದರೆ ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು, ಮುಕ್ಕಾಲು ಪಾಲು ಮಾಯ. ನನಗೆ ಈ ಬೂಟು ಇಷ್ಟವಾಗಿದ್ದೇ ಹೀಗೆ ದಿನದಿನಕ್ಕೆ ಬದಲಾಗುತ್ತಿದ್ದುದರಿಂದ. ಅದರ ಮೇಲೆ ನೀವು ಗೋಡೆಗೆ ಬಳಿದ ಹಾಗೆ ದಪ್ಪ ಬಣ್ಣ ಬಳಿದಿದ್ದೀರಿ. ಈಗ ಚರ್ಮ ಮೆತ್ತಗಿಡುವ ಕಂಡೀಷನರ್ ಹಚ್ಚಿದರೆ ಒಳಗೆ ಇಳಿಯುವುದಿಲ್ಲ, ಮೇಲೇ ಜಿಡ್ಡಾಗಿ ನಿಲ್ಲುತ್ತದೆ. ಕಣಕಾಲಿನ ಮಡಿಕೆಯಲ್ಲಿ ಬಣ್ಣ ಹಕ್ಕಳೆ ಎದ್ದು ಉದುರುತ್ತಿದೆ. ವೆಲ್ಟ್‌ನ ಬಿಳಿ ದಾರಕ್ಕೂ ಅದೇ ಕಂದು ಬಣ್ಣ. ಕತ್ತರಿಸಿದ್ದು ಕಾಣಬಾರದು ಅಂತಲೋ ಏನೋ.

ಇನ್ನು ‘ನೀವು ಸರಿಯಾಗಿ ನೋಡಿಕೊಂಡಿಲ್ಲ’ ಅನ್ನುವ ಉತ್ತರ ಬರಬಾರದು ಅಂತ ಮೊದಲೇ ಹೇಳಿಬಿಡುತ್ತೇನೆ. ಒಂದು ದಿನ ಹಾಕಿದರೆ ಮರುದಿನ ಅದಕ್ಕೆ ರಜೆ. ಮಳೆಯಲ್ಲಿ ನೆನೆದರೆ ಒಳಗೆ ಪೇಪರ್ ತುರುಕಿ ಫ್ಯಾನ್ ಗಾಳಿಗೆ ಇಡುತ್ತೇನೆ, ಬಿಸಿಲಿಗಲ್ಲ, ಯಾಕೆಂದರೆ ನೆಂದ ಚರ್ಮ ಬಿಸಿ ತಾಗಿದರೆ ಪೆಡಸಾಗಿ ಬಿರಿಯುತ್ತದೆ. ಬೂಷ್ಟು ಬರದ ಹಾಗೆ ಗಾಳಿಯಾಡುವ ಕಡೆಯೇ ಇರುತ್ತದೆ. ಪಿಕಪ್‌ಗೆ ಬಂದ ಹುಡುಗ ತೆಗೆದ ಫೋಟೋಗಳು ನಿಮ್ಮ ಆ್ಯಪ್‌ನಲ್ಲೇ ಇವೆ, ತೆಗೆದು ನೋಡಿ.

ನಮ್ಮ ರಸ್ತೆ ಮೂಲೆಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಕೂರುತ್ತಾರೆ. ಅವರಿಗೆ ತೋರಿಸಿದೆ. ‘ಇದಕ್ಕೆ ಮೆಷಿನ್ ಬೇಕು ಸಾರ್, ನನ್ನ ಹತ್ರ ಇಲ್ಲ. ಬೇಕಾದ್ರೆ ಕೈಯಲ್ಲಿ ಹೊಲಿದು ಕೊಡ್ತೀನಿ, ಆದ್ರೆ ಮೊದಲಿನ ಥರಾ ಕಾಣಲ್ಲ’ ಅಂದರು. ಇಷ್ಟೇ ಅಲ್ವಾ ಬೇಕಾಗಿದ್ದು? ನಿಮ್ಮ ಹತ್ತಿರವೂ ಮೆಷಿನ್ ಇಲ್ಲದಿದ್ದರೆ ಹಾಗಂತ ಹೇಳಿ ವಾಪಸ್ ಕಳಿಸಬಹುದಿತ್ತು. ನಾನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ನನಗೆ ಬೇಕಾಗಿರುವುದು: ಕೊಟ್ಟ 3,200 ರೂಪಾಯಿ ಪೂರ್ತಿ ವಾಪಸ್, ಮತ್ತು ಬೇರೆ ಕಡೆ ಈ ಬಣ್ಣ ತೆಗೆಸಿ ಸೋಲ್ ಹೊಲಿಸುವ ಖರ್ಚು. ‘ಇನ್ನೊಮ್ಮೆ ಕೊಡಿ, ಸರಿ ಮಾಡುತ್ತೇವೆ’ ಅನ್ನುವುದು ಬೇಡ. ಕೂಪನ್ ಅಂತೂ ಬೇಡವೇ ಬೇಡ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಿಮ್ಮ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗಲಿಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮ ಷರತ್ತುಗಳಲ್ಲಿ ದೂರದ ಊರಿನ ಕೋರ್ಟ್ ಹೆಸರು ಹಾಕಿಕೊಂಡಿದ್ದೀರಿ, ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾನಿರುವ ಊರಿನಲ್ಲೇ ದೂರು ಹಾಕಲು ಅವಕಾಶವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್, ಚಾಟ್‌ನ ಸ್ಕ್ರೀನ್‌ಶಾಟ್, ಬೂಟಿನ ಫೋಟೋಗಳನ್ನು ಲಗತ್ತಿಸಿದ್ದೇನೆ. ಕಿತ್ತು ಬಂದ ದಾರದ ತುಂಡುಗಳನ್ನೂ ಒಂದು ಕವರ್‌ನಲ್ಲಿ ಹಾಕಿಟ್ಟಿದ್ದೇನೆ, ಬೇಕಾದರೆ ನಿಮ್ಮವರು ಬಂದು ನೋಡಬಹುದು.

ಇತಿ,
ನಿಮ್ಮ ಗ್ರಾಹಕ