ನಡುವೆ ಕೂತು ಮಾತು ದಾಟಿಸಿದವರಿಗೆ

ನಮ್ಮ ವಾರ್ಡಿನ ಹದಿಹರೆಯದ ಮಕ್ಕಳ ಮೊದಲ ತಂಡ ರಕ್ತದ ಕ್ಯಾನ್ಸರಿನ ಕೊನೆಯ ಮಾತ್ರೆ ನುಂಗಿ ಮುಗಿಸಿದೆ. ಸುಮಾರು ಎರಡೂವರೆ ವರ್ಷದ ಚಿಕಿತ್ಸೆ. ಔಷಧಿ ಕೊಟ್ಟವರನ್ನು ಎಲ್ಲರೂ ನೆನೆಯುತ್ತಾರೆ. ಈ ಬರಹ ಮಾತು ದಾಟಿಸಿದವರಿಗೆ.

ಕಟ್ಟಡ ಕೆಲಸಕ್ಕೆಂದು ಒಡಿಶಾ, ಬಂಗಾಳ, ಬಿಹಾರದಿಂದ ಬೆಂಗಳೂರಿಗೆ ಬಂದ ಎಷ್ಟೋ ಮನೆಗಳಲ್ಲಿ ಕನ್ನಡ ಬರುವುದು ಇಲ್ಲಿ ಶಾಲೆಗೆ ಹೋದ ಮಕ್ಕಳಿಗೆ ಮಾತ್ರ. ಹಾಗಾಗಿ 15 ವರ್ಷದ ಹುಡುಗಿಯೇ ತನ್ನ ಕಾಯಿಲೆಯ ಸುದ್ದಿಯನ್ನು ಅಪ್ಪ-ಅಮ್ಮನಿಗೆ ಹೇಳಬೇಕಾಗುತ್ತದೆ. ಅಮ್ಮ ಅತ್ತಾಳೆಂದು ಅರ್ಧ ನುಂಗಿಕೊಳ್ಳುತ್ತಾಳೆ. ನೆಂಟರನ್ನು ಕೂರಿಸಿದರೆ ಕ್ಯಾನ್ಸರ್ ಹೋಗಿ ‘ರಕ್ತ ಕಮ್ಮಿ’ ಆಗಿಬಿಡುತ್ತದೆ. ದೊಡ್ಡ ಅನಾಹುತ ಆಗುವುದು ಮೊದಲ ಹಂತ ಮುಗಿದಾಗ, ಅಂದರೆ ಒಂದು ತಿಂಗಳ ಆಸುಪಾಸಿನಲ್ಲಿ. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆ ನೋಡಿ ವೈದ್ಯರು ‘ಸದ್ಯಕ್ಕೆ ಹಿಡಿತಕ್ಕೆ ಬಂದಿದೆ’ ಅಂದದ್ದು ‘ವಾಸಿಯಾಯಿತು’ ಎಂದು ಕಿವಿಗೆ ಬಿದ್ದರೆ, ಇಡೀ ಕುಟುಂಬ ಊರಿನ ರೈಲು ಹತ್ತುತ್ತದೆ. ಅಲ್ಲಿಗೆ ನಿಲ್ಲಿಸಿದರೆ ರೋಗ ಮರಳುತ್ತದೆ.

ಒಡಿಯಾ, ಬಂಗಾಳಿ, ಹಿಂದಿ ಬಲ್ಲ ಸ್ವಯಂಸೇವಕರೇ, ಇದನ್ನು ತಪ್ಪಿಸಿದ್ದು ನೀವು. 10 ನಿಮಿಷ ಮೊದಲೇ ಬಂದು ವೈದ್ಯರಿಂದ ಪದಗಳನ್ನು ಕೇಳಿ ತಿಳಿದುಕೊಂಡಿರಿ. ಒಮ್ಮೆಗೆ ಎರಡು ವಾಕ್ಯ ದಾಟಲು ಅವರನ್ನು ಬಿಡಲಿಲ್ಲ. ಏನನ್ನೂ ಸೇರಿಸಲಿಲ್ಲ, ಮೆತ್ತಗೂ ಮಾಡಲಿಲ್ಲ. ಕೊನೆಗೆ ‘ಅರ್ಥವಾಯಿತಾ?’ ಎನ್ನುವ ಬದಲು ‘ಊರಿನಿಂದ ಅಜ್ಜಿ ಫೋನ್ ಮಾಡಿದರೆ ಏನು ಹೇಳುತ್ತೀರಿ?’ ಎಂದು ಕೇಳಿದಿರಿ. ತಪ್ಪು ತಿಳಿವಳಿಕೆ ಸಿಕ್ಕಿಬೀಳುತ್ತಿದ್ದುದು ಆ ಉತ್ತರದಲ್ಲೇ.

ಮಕ್ಕಳೊಡನೆ ಪ್ರತ್ಯೇಕವಾಗಿ 20 ನಿಮಿಷ ಕೂತ ಆಪ್ತಸಮಾಲೋಚಕರಿಗೂ ಕೈ ಮುಗಿಯುತ್ತೇವೆ. ‘ಮುಂದೆ ನನಗೆ ಮಕ್ಕಳಾಗುತ್ತವಾ?’ ಎಂಬ ಪ್ರಶ್ನೆ ತಾಯಿಯ ಎದುರು ಬಾಯಿಗೆ ಬರುವುದಿಲ್ಲ. ಚಿಕಿತ್ಸೆಯ ಭಾಗವಾಗಿ ಸ್ಟೀರಾಯ್ಡ್ ನಡೆಯುವ ವಾರಗಳ ಸಿಟ್ಟು, ಅಳು, ನಿದ್ದೆಗೇಡು ಔಷಧಿಯದ್ದು, ಹುಡುಗನ ಕೊಬ್ಬಲ್ಲ ಎಂದು ಅಪ್ಪಂದಿರಿಗೆ ಮೊದಲೇ ಹೇಳಿದ್ದರಿಂದ ಎಷ್ಟೋ ಏಟುಗಳು ತಪ್ಪಿದವು. ರಾತ್ರಿ ಮನಸ್ಸು ಕುಸಿದಾಗ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಫೋನಿನಲ್ಲೂ ಉಳಿಸಿಕೊಟ್ಟವರೂ ಅವರೇ.

ಕೀಮೋ ಶುರುವಾದ ಎರಡು-ಮೂರು ವಾರಕ್ಕೆ ಕೂದಲು ಉದುರುತ್ತದೆ. ಅದಕ್ಕೂ ಮುಂಚೆ ವಾರ್ಡಿಗೇ ಬಂದು, ಮಕ್ಕಳು ಹೇಳಿದಷ್ಟೇ ಗಿಡ್ಡ ಮಾಡಿಕೊಟ್ಟ ಕಟಿಂಗ್ ಅಂಗಡಿಯ ಅಣ್ಣನಿಗೆ, ಆಸ್ಪತ್ರೆಗೆ ಹೋದ ದಿನಗಳಿಗಾಗಿ ಯಾರನ್ನೂ ಕೆಲಸದಿಂದ ತೆಗೆಯದ ಮೇಸ್ತ್ರಿಗಳಿಗೆ ನಾವು ಋಣಿಗಳು.

ಜ್ವರದ ಗಡಿಯಾದ 100.4 (ಡಿಗ್ರಿ ಫ್ಯಾರನ್‌ಹೀಟ್) ಎಂಬ ಅಂಕಿಯನ್ನು ಥರ್ಮಾಮೀಟರಿನಲ್ಲಿ ಕಾಣುವ ಹಾಗೆಯೇ ದೊಡ್ಡದಾಗಿ ಬಿಡಿಸಿಕೊಟ್ಟ ವಿದ್ಯಾರ್ಥಿಗಳಿಗೂ ನಮಸ್ಕಾರ. ಬಿಳಿ ರಕ್ತಕಣ ಇಳಿದಾಗ ಸೋಂಕು ಕೆಲವೇ ಗಂಟೆಗಳಲ್ಲಿ ಏರುತ್ತದೆ, ಅಷ್ಟು ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಶೆಡ್ಡಿನ ತಗಡಿಗೆ ಅಂಟಿಸಿದ ಆ ಹಾಳೆಯೊಂದಿಗೆ ಅಂಕಿ ಹೋಲಿಸಿ ನೋಡಿ, ನಡುರಾತ್ರಿ ಆಟೋ ಹಿಡಿದು ಬಂದವರು ಓದು ಬಾರದ ತಾಯಂದಿರು.